ತೀರ್ಥಹಳ್ಳಿ ದಾರಿಯಲ್ಲಿ ಢಾಕಾದ ಫೈನಲ್

2024ರ ಫೆಬ್ರವರಿ 8. ಶಿವಮೊಗ್ಗದಲ್ಲಿ ತೀರ್ಥಹಳ್ಳಿ ಬಸ್ ಹತ್ತಿ ಕೂತ ಕೂಡಲೇ ಅಕ್ಕನ ಮಗಳು ಫೋನ್ ಕಸಿದುಕೊಂಡಳು. ಅವತ್ತು ಸಂಜೆ ಢಾಕಾದಲ್ಲಿ ಸ್ಯಾಫ್, ಅಂದರೆ ದಕ್ಷಿಣ ಏಷ್ಯಾ ದೇಶಗಳ ಫುಟ್‌ಬಾಲ್ ಟೂರ್ನಿಯ, 19 ವರ್ಷದೊಳಗಿನ ಹುಡುಗಿಯರ ಫೈನಲ್. ಭಾರತ, ಬಾಂಗ್ಲಾದೇಶ. ನೇಪಾಳ, ಭೂತಾನ್ ಆಗಲೇ ಹೊರಗೆ. ಲೀಗ್ ಪಂದ್ಯದಲ್ಲಿ ನಮ್ಮವರು ಬಾಂಗ್ಲಾ ಎದುರು 1-0ಯಿಂದ ಸೋತಿದ್ದರು. ಆ ಸೋಲು ಅವಳ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ. ಅವಳೂ ಆಟಗಾರ್ತಿ, ಸ್ಕೂಲ್ ಟೀಮಿನ ಗೋಲ್‌ಕೀಪರ್.

ಗಾಜನೂರು ದಾಟಿದ್ದೆವು. ಬಿಸಿಲು ಇಳಿದು ತುಂಗೆಯ ನೀರು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಸಕ್ರೆಬೈಲಿನ ಆನೆ ಬಿಡಾರ ಬರುವ ಹೊತ್ತಿಗೆ ಅವಳು ನನ್ನ ತೊಡೆ ಗುದ್ದಿದಳು. 8ನೇ ನಿಮಿಷಕ್ಕೇ ಭಾರತದ ಗೋಲ್! ಪಕ್ಕದ ಸೀಟಿನ ಅಜ್ಜಿ ಬೆಚ್ಚಿ ನೋಡಿದರು. ವಿಷಯ ಹೇಳಿದೆ. "ನಮ್ಮ ಹುಡ್ಗೀರಾ? ಹಂಗಾದ್ರೆ ಒಳ್ಳೇದೇ ಬಿಡು" ಅಂದರು.

ಆಮೇಲೆ ಕಾಡು, ತಿರುವು. ನೆಟ್‌ವರ್ಕ್ ಹೋಯಿತು. ಮಂಡಗದ್ದೆಯಲ್ಲಿ ಹೊಳೆ ನಡುವಿನ ನಡುಗಡ್ಡೆ ತೋರಿಸಿ, "ಮಳೆಗಾಲದಲ್ಲಿ ಈ ಮರಗಳ ತುಂಬ ಹಕ್ಕಿ ಇರುತ್ತೆ" ಅಂದೆ. ಅವಳು ಕತ್ತೆತ್ತಲಿಲ್ಲ. ಪರದೆಯ ಮೇಲೆ ಒಂದು ಚಕ್ರ ಸುಮ್ನೆ ತಿರುಗುತ್ತಲೇ ಇತ್ತು.

ತೀರ್ಥಹಳ್ಳಿಯ ಕಮಾನು ಸೇತುವೆ ದಾಟುವಾಗ ಕತ್ತಲಾಗಿತ್ತು. ಅಲ್ಲಿಂದ ಮಾವನ ಜೀಪಿನಲ್ಲಿ ಮನೆಗೆ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿತ್ತು. ಚೊಗರಿನ ವಾಸನೆ ಮೂಗಿಗೆ ಬಡಿಯಿತು. ಮನೆಯಲ್ಲಿ ಸಿಗ್ನಲ್ ಇಲ್ಲ. ಫೋನ್ ಮಾಡಬೇಕಾದವರೆಲ್ಲ ಮನೆ ಹಿಂದಿನ ದಿಬ್ಬ ಹತ್ತಿ, ಹಲಸಿನ ಮರದ ಬುಡಕ್ಕೆ ಹೋಗಬೇಕು. ಕಾಫಿ ಕುಡಿಯೋಕೂ ಬಿಡದೆ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು.

ಚಿತ್ರ ಬಂದಾಗ ಆಟ ಮುಗಿಯುವ ಹಂತ. 1-0. ಇನ್ನೇನು ಗೆದ್ದೆವು ಅನ್ನುವಾಗ, ಕೊನೆಗೆ ಸೇರಿಸಿದ ನಿಮಿಷಗಳಲ್ಲಿ ಬಾಂಗ್ಲಾ ಗೋಲ್ ಹೊಡೆಯಿತು. ಪೆನಾಲ್ಟಿ ಶುರುವಾಯಿತು. ಅಲ್ಲೂ ಯಾರೂ ತಪ್ಪಲಿಲ್ಲ. ಐದೈದು ಮುಗಿಯಿತು, ಆರು, ಏಳು, ಎಂಟು. ಕೊನೆಗೆ ಗೋಲ್‌ಕೀಪರ್‌ಗಳೂ ಬಂದು ಒದ್ದರು. ಅವರದ್ದೂ ಗೋಲ್! 11-11. ಮೈದಾನದಲ್ಲಿದ್ದ 22 ಹುಡುಗಿಯರಲ್ಲಿ ಒಬ್ಬಳೂ ತಪ್ಪಲಿಲ್ಲ ಅಂದ್ರೆ ಏನು ಎದೆಗಾರಿಕೆ ಅಲ್ವಾ? ಇವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. "ಕೀಪರೂ ಹೊಡೆದ್ರು ಮಾಮಾ, ಕೀಪರೂ" ಅಂತ ಎರಡು ಸಲ ಅಂದಳು.

ನಿಯಮದ ಪ್ರಕಾರ ಪೆನಾಲ್ಟಿ ಮುಂದುವರಿಯಬೇಕಿತ್ತು. ಆದರೆ ನಾಣ್ಯ ಚಿಮ್ಮಿಸಿಬಿಟ್ಟರು. ಟಾಸ್ ಭಾರತದ ಪಾಲಾಯಿತು. ನಮ್ಮ ಹುಡುಗಿಯರು ಕುಣಿದರು, ಬಾಂಗ್ಲಾದವರು ಮೈದಾನ ಬಿಡಲು ಒಪ್ಪಲಿಲ್ಲ. ಗಲಾಟೆಯಾಯಿತು. ಅವರ ಸಿಟ್ಟು ನನಗೆ ನ್ಯಾಯ ಅನ್ನಿಸಿತು. ಅಷ್ಟು ಚೆನ್ನಾಗಿ ಆಡಿದ ಮಕ್ಕಳ ಸೋಲು ಗೆಲುವನ್ನು ನಾಣ್ಯದ ಕೈಗೆ ಕೊಡಬಾರದಿತ್ತು. ಇವಳೂ ಕುಣಿಯಲಿಲ್ಲ. "ಹಿಂಗೆ ಗೆದ್ರೆ ಗೆದ್ದಂಗಾ?" ಅಂದಳು. ಚಳಿಗೆ ಶಾಲು ಹೊದ್ದು ಕಾದೆವು. ಮನೆಯಿಂದ ಊಟಕ್ಕೆ ಮೂರು ಸಲ ಕೂಗಿದರು. ಕೊನೆಗೆ ಸುದ್ದಿ ಬಂತು: ಎರಡೂ ತಂಡ ಜಂಟಿ ಚಾಂಪಿಯನ್. ಆಗ ಎದ್ದಳು. ಅವತ್ತು ಕಡುಬು ಜಾಸ್ತಿನೇ ತಿಂದಳು.

ಬೆಳಿಗ್ಗೆ ಎಚ್ಚರವಾದಾಗ ಹಾಸಿಗೆ ಖಾಲಿ. ಹೊರಗೆ ಮಂಜು. ಕೊಯ್ಲಾದ ಗದ್ದೆಯಲ್ಲಿ ಎರಡು ಅಡಿಕೆ ದಬ್ಬೆ ನೆಟ್ಟು ಗೋಲ್ ಮಾಡಿಕೊಂಡಿದ್ದಳು. ಭತ್ತದ ಕೂಳೆ ಪಾದಕ್ಕೆ ಚುಚ್ಚುತ್ತದೆ ಅಂತ ಶೂ ಹಾಕಿದ್ದಳು. ಪಕ್ಕದ ಮನೆಯ ಇಬ್ಬರು ಹುಡುಗಿಯರೂ ಬಂದಿದ್ದರು. ಯಾವಾಗಲೂ ಗೋಲ್ ಮುಂದೆ ತಾನೇ ನಿಲ್ಲುವವಳು ಅವತ್ತು ಗ್ಲೌಸ್ ಬಿಚ್ಚಿ ನನ್ನ ಕೈಗೆ ಕೊಟ್ಟಳು.

"ನೀನು ನಿಲ್ಲು ಮಾಮಾ. ನಾನು ಹೊಡೀತೀನಿ."

ಹನ್ನೊಂದು ಸಲ ಹೊಡೆದಳು. ನಾಲ್ಕು ಹೊರಗೆ ಹೋಯಿತು. ಮತ್ತೆ ಒಂದರಿಂದ ಎಣಿಸತೊಡಗಿದಳು.