ಹುಬ್ಬಳ್ಳಿಯಿಂದ ಕಪ್ಪತಗುಡ್ಡಕ್ಕೆ ಸೈಕಲ್ ಮೇಲೆ: ಏರಿಗಿಂತ ಮೂಡಗಾಳಿಗೆ ತಯಾರಾಗಿ

ಗದಗ ಜಿಲ್ಲೆಯ ಕಪ್ಪತಗುಡ್ಡದ ಏರಿಗೆ ಅಂತ ನಾವು ಎರಡು ತಿಂಗಳು ಹುಬ್ಬಳ್ಳಿಯ ನೃಪತುಂಗ ಬೆಟ್ಟದ ರಸ್ತೆ ಹತ್ತಿ ಇಳಿದು ಕಾಲು ಗಟ್ಟಿ ಮಾಡಿಕೊಂಡಿದ್ದೆವು. ಕೊನೆಗೆ ನಮ್ಮನ್ನು ಹಣ್ಣು ಮಾಡಿದ್ದು ಗದಗ ದಾರಿಯಲ್ಲಿ ಅಣ್ಣಿಗೇರಿ ಕಡೆಯ ಸಪಾಟು ರಸ್ತೆ. ಕಾರಣ ಮೂಡಗಾಳಿ. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಮೂಡಣದಿಂದ ಬೀಸುತ್ತದೆ, ಗದಗ ಇರುವುದೂ ಹುಬ್ಬಳ್ಳಿಯ ಮೂಡಕ್ಕೇ. ಹೋಗುವಾಗ ಪೂರ್ತಿ ಎದುರುಗಾಳಿ, ಬರುವಾಗ ಬೆನ್ನಗಾಳಿ. ಇದಿಷ್ಟನ್ನು ಹೊರಡುವ ಮೊದಲೇ ಯೋಚಿಸಿದ್ದರೆ ಸಾಕಿತ್ತು.

ಜನವರಿ ಮೊದಲ ವಾರ, ಒಂಬತ್ತು ಜನ, ಎರಡು ದಿನ. ಶನಿವಾರ ಗದಗದಲ್ಲಿ ವಸ್ತಿ. ಭಾನುವಾರ ಬೆಳಗ್ಗೆ ಡಂಬಳ, ಡೋಣಿ ಮಾರ್ಗವಾಗಿ ಕಪ್ಪತಗುಡ್ಡ ಹತ್ತಿ, ಗದಗಕ್ಕೆ ಬಂದು ಊಟ ಮಾಡಿ, ಸಂಜೆಯೊಳಗೆ ಹುಬ್ಬಳ್ಳಿ. ಒಟ್ಟು ಸುಮಾರು 180 ಕಿ.ಮೀ. ಆಯಿತು.

ಆರಕ್ಕೆ ಹೊರಡೋಣ ಎಂದಿದ್ದೆವು. ಇಬ್ಬರು ತಡವಾಗಿ ಬಂದರು, ಒಬ್ಬನ ಟೈರಿನಲ್ಲಿ ಗಾಳಿ ಇರಲಿಲ್ಲ, ಏಳು ಕಾಲಾಯಿತು. ಆ ಒಂದು ಗಂಟೆ ಬಹಳ ತುಟ್ಟಿ ಬಿತ್ತು. ಈ ದಿನಗಳಲ್ಲಿ ಬೆಳಗ್ಗೆ ಗಾಳಿ ಸುಮ್ನೆ ಮಲಗಿರುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ, ಒಂಬತ್ತರ ಹೊತ್ತಿಗೆ, ಎದ್ದು ಕೂರುತ್ತದೆ. ಆರಕ್ಕೆ ಹೊರಟಿದ್ದರೆ ಅಣ್ಣಿಗೇರಿಯವರೆಗಿನ 35 ಕಿ.ಮೀ. ಆರಾಮಾಗಿ ಮುಗಿಯುತ್ತಿತ್ತು. ಆದರೆ ಜನವರಿಯಲ್ಲಿ ಹೊತ್ತು ಹುಟ್ಟುವುದು ಏಳರ ಸುಮಾರಿಗೆ, ಮಂಜು ಬೇರೆ. ಹಿಂದೆ ಕೆಂಪು ದೀಪವಿಲ್ಲದೆ ಹೋಗುವ ಟ್ರ್ಯಾಕ್ಟರ್ ಟ್ರೇಲರ್‌ಗಳು ಹತ್ತಿರ ಹೋಗುವವರೆಗೆ ಕಾಣುವುದೇ ಇಲ್ಲ. ಅದಕ್ಕೆ ಸೈಕಲ್ಲಿಗೆ ಮುಂದೊಂದು ಜೋರು ದೀಪ, ಹಿಂದೊಂದು ಕೆಂಪು ದೀಪ ಇಲ್ಲದವರನ್ನು ಕರೆದುಕೊಂಡು ಹೋಗಲೇಬೇಡಿ. ಗೆಳೆತನ ಆಮೇಲೆ.

ಎದುರುಗಾಳಿಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಬೇಕು. ಮುಂದಿನವರ ಹಿಂದಿನ ಚಕ್ರದಿಂದ ಒಂದು ಮಾರು ದೂರದಲ್ಲಿದ್ದರೆ ಹಿಂದಿದ್ದವರಿಗೆ ಸುಮಾರು ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು, ಆದರೆ ನಮ್ಮ ಗುಂಪಿನ ಬ್ಯಾಂಕಿನವರು ಹುಮ್ಮಸ್ಸಿನಲ್ಲಿ ಅರ್ಧ ಗಂಟೆ ಮುಂದೆಯೇ ಇದ್ದರು. ಅಣ್ಣಿಗೇರಿ ದಾಟುವಾಗ ಅವರ ಮುಖ ನೋಡುವ ಹಾಗಿರಲಿಲ್ಲ. ಆಮೇಲೆ ಮೂರು ಮೂರು ನಿಮಿಷದ ಪಾಳಿ ಮಾಡಿದೆವು. ಮುಂದಿದ್ದವನು ಬಲಕ್ಕಲ್ಲ, ಎಡಕ್ಕೆ ಸರಿದು ಹಿಂದೆ ಬೀಳುವುದು, ಬಲಕ್ಕೆ ಲಾರಿ ಇರುತ್ತವೆ. ಗುಂಡಿ ಕಂಡರೆ ಮುಂದಿನವನು ಕೈ ತೋರಿಸಲೇಬೇಕು, ಹಿಂದಿನವನಿಗೆ ಕಾಣುವುದು ಬರೀ ಬೆನ್ನು.

ಪಂಕ್ಚರ್ ಅಂತೂ ಗ್ಯಾರಂಟಿ. ರಸ್ತೆಯ ಎರಡೂ ಬದಿ ಬಳ್ಳಾರಿ ಜಾಲಿ. ಒಬ್ಬನ ಟೈರು ಕೂತಿತು, ಹೊಸ ಟ್ಯೂಬ್ ಹಾಕಿದ, ಎರಡು ಕಿ.ಮೀ. ಆಗುವಷ್ಟರಲ್ಲಿ ಮತ್ತೆ ಕೂತಿತು. ಮುಳ್ಳು ಟೈರಿನೊಳಗೇ ಇತ್ತು. ಅವನು ಬೆರಳು ಆಡಿಸಿ ಹುಡುಕುತ್ತಿದ್ದಾಗ ಚಹಾದಂಗಡಿಯ ಅಜ್ಜ ಎದ್ದು ಬಂದರು. "ಬೆರಳ ಹಚ್ಚಬ್ಯಾಡೋ ತಮ್ಮಾ, ಚುಚ್ಚತೈತಿ. ತಡಿ," ಅಂದು ಹೊಲದ ಬದುವಿನ ಗಿಡದಿಂದ ಒಂದಿಷ್ಟು ಹತ್ತಿ ಕಿತ್ತು ತಂದರು. ಅದನ್ನು ಟೈರಿನ ಒಳಗೆ ಒಂದು ಸುತ್ತು ಎಳೆದರು. ಒಂದು ಕಡೆ ಹತ್ತಿಯ ಎಳೆ ಸಿಕ್ಕಿ ನಿಂತಿತು. ಅಕ್ಕಿಕಾಳಿಗಿಂತ ಸಣ್ಣ ಮುಳ್ಳಿನ ತುದಿ. ಚಹಾದ ದುಡ್ಡು ಕೊಡಹೋದರೆ, "ಬರೂ ಮುಂದ ಕೊಡ್ರಿ, ಆಗ ನಿಮಗ ಉಸುರು ಇರತೈತಿ," ಅಂದರು. ಅವರ ಹತ್ತಿ ವಿದ್ಯೆ ಕಲಿತುಕೊಳ್ಳಿ, ತಲೆಗೆ ಎರಡು ಟ್ಯೂಬ್ ಇಟ್ಟುಕೊಳ್ಳಿ.

ಗದಗ ಮುಟ್ಟಿದಾಗ ಹನ್ನೊಂದೂವರೆ. ಹುಬ್ಬಳ್ಳಿಯಿಂದ 58 ಕಿ.ಮೀ.ಗೆ ನಾಲ್ಕು ಗಂಟೆ ಚಿಲ್ಲರೆ! ಸಂಜೆ ತ್ರಿಕೂಟೇಶ್ವರ, ವೀರನಾರಾಯಣ ಗುಡಿ ನೋಡಿದೆವು. ಲಕ್ಕುಂಡಿಯೂ ಪಟ್ಟಿಯಲ್ಲಿತ್ತು. ಅದು ಮೂಡಕ್ಕೆ ಇನ್ನೂ ಹನ್ನೆರಡು ಕಿ.ಮೀ. ಎಂದಾಗ ಯಾರೂ ಬಾಯಿ ಬಿಡಲಿಲ್ಲ.

ಭಾನುವಾರ ಐದೂಮುಕ್ಕಾಲಿಗೇ ಹೊರಟೆವು, ಬುದ್ಧಿ ಬಂದಿತ್ತು. ಮೊಬೈಲು 14 ಡಿಗ್ರಿ ಅಂದಿತು. ಸೈಕಲ್ ಮೇಲೆ ಅದು ಹತ್ತರ ಹಾಗೆ ಕೊರೆಯುತ್ತದೆ. ಡಂಬಳ ಗದಗದಿಂದ 20 ಕಿ.ಮೀ.ಗೂ ಜಾಸ್ತಿ. ಅಲ್ಲಿ ದೊಡ್ಡಬಸಪ್ಪನ ಗುಡಿಗೆ ಹತ್ತು ನಿಮಿಷ ಕೊಡಿ. ಗೋಡೆ 24 ಮೂಲೆಯ ನಕ್ಷತ್ರದ ಹಾಗೆ ತಿರುಗುತ್ತಾ ಹೋಗುತ್ತದೆ, ಎಳೆಬಿಸಿಲಿನಲ್ಲಿ ಒಂದು ಮೂಲೆಗೆ ಬೆಳಕು, ಪಕ್ಕದ್ದಕ್ಕೆ ನೆರಳು.

ಗುಡ್ಡ ಹತ್ತುವ ಮೊದಲು ಮೇಲಿನ ಗಾಳಿಯಂತ್ರಗಳನ್ನು ನೋಡಿ. ಅವು ಯಾವ ಕಡೆ ಮುಖ ಮಾಡಿವೆಯೋ ಗಾಳಿ ಆ ಕಡೆಯಿಂದ. ಅದಕ್ಕಿಂತ ಒಳ್ಳೆಯ ಹವಾಮಾನ ವರದಿ ಬೇಡ. ಏರಿನಲ್ಲಿ ಸಾಲು ಕಟ್ಟಬೇಡಿ, ಅವರವರ ದಮ್ಮಿಗೆ ತಕ್ಕಂತೆ ಹತ್ತಲಿ, ಹಿಂದೆ ಒಬ್ಬ ಅನುಭವಸ್ಥ ಇರಲಿ. ಮುಂದೆ 34, ಹಿಂದೆ 28 ಹಲ್ಲಿನ ಗೇರ್ ಇದ್ದೂ ನಮ್ಮಲ್ಲಿ ಇಬ್ಬರು ಇಳಿದು ತಳ್ಳಿದರು. ಹಿಂದೆ 32 ಇದ್ದರೆ ಒಳ್ಳೆಯದು. 2019ರಿಂದ ಇದು ವನ್ಯಜೀವಿ ಧಾಮ, ಅದಕ್ಕೆ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳಿ. ಹುಲ್ಲು ಒಣಗಿ ನಿಂತಿರುತ್ತದೆ. ಬೀಡಿ ಸಿಗರೇಟು ಸೇದುವವರು ಅದನ್ನು ಗದಗದಲ್ಲೇ ಬಿಟ್ಟು ಬರಲಿ.

ನಾನು ತಪ್ಪು ಮಾಡಿದ್ದು ಮೇಲೆ, ಕಪ್ಪತಮಲ್ಲೇಶ್ವರನ ಗುಡಿ ಹತ್ತಿರ. ಏರಿದ ಸೆಕೆಗೆ ಅಂಗಿ ತೊಯ್ದು ತಪ್ಪಡಿಯಾಗಿತ್ತು. ಹಾಗೇ ಇಳಿಯಲು ಶುರು ಮಾಡಿದೆ. ಎರಡನೇ ತಿರುವಿಗೆ ಬೆರಳು ಮರಗಟ್ಟಿ ಬ್ರೇಕ್ ಹಿಡಿದಿದ್ದೀನೋ ಬಿಟ್ಟಿದ್ದೀನೋ ತಿಳಿಯಲಿಲ್ಲ. ಕಾಲು ಊರಿ ನಿಂತೆ. ಹಿಂದೆ ಬಂದ ಗೆಳೆಯ ರೊಟ್ಟಿ ಸುತ್ತಿದ್ದ ಪೇಪರ್ ಬಿಚ್ಚಿ ನನ್ನ ಅಂಗಿಯೊಳಗೆ ಎದೆಗೆ ತುರುಕಿದ. ಸೇಂಗಾ ಚಟ್ನಿಯ ಘಮದ ಜೊತೆ ಕೆಳಗೆ ಬಂದೆ. ನೀವು ಒಣ ಬನಿಯನ್ನು, ತೆಳು ವಿಂಡ್‌ಚೀಟರ್, ಬೆರಳು ಮುಚ್ಚುವ ಗ್ಲೌಸ್ ಒಯ್ಯಿರಿ. ತಿರುವಿಗೆ ಮೊದಲೇ ಬ್ರೇಕ್ ಹಿಡಿಯಿರಿ, ತಿರುವಿನೊಳಗೆ ಬೇಡ, ರಸ್ತೆ ಮೇಲೆ ಸಣ್ಣ ಕಲ್ಲಿನ ಪುಡಿ ಇರುತ್ತದೆ. ಚಳಿಯಲ್ಲಿ ನೀರಡಿಕೆ ಆಗುವುದಿಲ್ಲ, ಆದರೂ ಗಡಿಯಾರ ನೋಡಿ ಕುಡಿಯಿರಿ.

ಊಟಕ್ಕೆ ಗದಗದ ಖಾನಾವಳಿ ಸಾಕು: ರೊಟ್ಟಿ, ಎಣ್ಣೆಗಾಯಿ. ಮಿರ್ಚಿ ಭಜಿ ಹುಬ್ಬಳ್ಳಿ ಮುಟ್ಟಿದ ಮೇಲೆ. ದಾರಿಯಲ್ಲಿ ಸುಲಗಾಯಿ (ಹಸಿ ಕಡಲೆ), ಸೀತನಿ (ಸುಟ್ಟ ಎಳೆ ಜೋಳದ ಕಾಳು) ಸಿಕ್ಕರೆ ಬಿಡಬೇಡಿ.

ವಾಪಸ್ ಬರುವಾಗ ಗಾಳಿ ಬೆನ್ನಿಗಿತ್ತು. ನಾಲ್ಕು ಗಂಟೆ ತಿಂದ ದಾರಿ ಎರಡೂಕಾಲು ಗಂಟೆಯಲ್ಲಿ ಮುಗಿಯಿತು, ನಡುವೆ ಅಜ್ಜನ ಅಂಗಡಿಯಲ್ಲಿ ನಿಂತು ಹದಿನೆಂಟು ಚಹಾದ ದುಡ್ಡು ಕೊಟ್ಟೂ.