ವ್ಯಾನಿನಲ್ಲಿ ಯಾರಿಗೆಲ್ಲ ಸೀಟು?

ಲಿಯೊನೆಲ್ ಬೈಯರ್ ಎಂಬ ಸ್ವಿಸ್ ನಿರ್ದೇಶಕನ 'ಲೆ ಗ್ರಾಂದ್ ಓಂದ್' ಅಂತೊಂದು ಸಿನಿಮಾ ಇದೆ, 2013ರದ್ದು. ಮೊನ್ನೆ ಎರಡನೇ ಸಲ ನೋಡಿದೆ. 1974ರ ಏಪ್ರಿಲ್‌ನಲ್ಲಿ ಸ್ವಿಸ್ ರೇಡಿಯೊದವರು ಫೋಕ್ಸ್‌ವ್ಯಾಗನ್ ವ್ಯಾನ್ ಹತ್ತಿ ಪೋರ್ಚುಗಲ್‌ಗೆ ಹೊರಡುತ್ತಾರೆ. ತಮ್ಮ ದೇಶ ಅಲ್ಲಿಗೆ ಎಂಥಾ ನೆರವು ಕೊಟ್ಟಿದೆ ಅಂತ ವರದಿ ಮಾಡಬೇಕು. ಅಲ್ಲಿ ನೋಡಿದರೆ ಕ್ರಾಂತಿಯೇ ಆಗಿಬಿಡುತ್ತದೆ. ಹಾಸ್ಯಚಿತ್ರ, ಜೊತೆಗೆ ಅಮೆರಿಕದ ಸಂಯೋಜಕ ಗರ್ಶ್‌ವಿನ್ ಸಂಗೀತ. ನಾನೂ ಒಂದಷ್ಟು ಕಾಲ ರೇಡಿಯೊದಲ್ಲಿ ದುಡಿದವಳಾದ್ದರಿಂದ ಇವರ ಪೇಚಾಟ ನೋಡಿ ಸ್ವಲ್ಪ ಹೆಚ್ಚೇ ನಕ್ಕೆ.

ವ್ಯಾನಿನಲ್ಲಿ ಕೊನೆಗೆ ನಾಲ್ವರು. ಸ್ತ್ರೀವಾದಿ ಪತ್ರಕರ್ತೆ ಜೂಲಿ. ಯುದ್ಧಗಳ ವರದಿ ಮಾಡಿ ಹೆಸರು ಗಳಿಸಿದ, ಈಗ ನೆನಪು ಕೈಕೊಡುತ್ತಿರುವ ಕೋವಾಂ. ನಿವೃತ್ತಿಯ ಹೊಸ್ತಿಲಲ್ಲಿರುವ ತಂತ್ರಜ್ಞ ಬಾಬ್. ದಾರಿಯಲ್ಲಿ ಸೇರಿಕೊಳ್ಳುವ ಪೋರ್ಚುಗೀಸ್ ಹುಡುಗ ಪೆಲೆ.

ಹೆಂಗಸು, ಮುದುಕರು, ಊರಿನವನೊಬ್ಬ ಅಂತ ತಲೆ ಎಣಿಸಿ ಅಂಕ ಕೊಡುವುದು ಸುಲಭ. ಜೂಲಿ ಮಾತ್ರ ಲೆಕ್ಕಕ್ಕೆಂದು ತಂದು ಕೂರಿಸಿದವಳಲ್ಲ. ಸ್ವಿಟ್ಜರ್ಲೆಂಡಿನ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದಾನದ ಹಕ್ಕು ಸಿಕ್ಕಿದ್ದು 1971ರಲ್ಲಿ, ಅಂದರೆ ಈ ಪ್ರಯಾಣಕ್ಕೆ ಬರೀ ಮೂರು ವರ್ಷ ಮೊದಲು. ಅದಕ್ಕೂ ಒಂದು ವರ್ಷ ಹಿಂದೆ, ವಿದೇಶಿಯರ ಸಂಖ್ಯೆಗೆ ಮಿತಿ ಹಾಕಬೇಕೆಂಬ ಪ್ರಸ್ತಾಪ ಅಲ್ಲಿ ಜನಮತಕ್ಕೆ ಬಂದು ಸೋತಿತ್ತು. ಸೋತರೂ ಶೇ 46ರಷ್ಟು ಮತ ಅದರ ಪರ ಬಿದ್ದಿತ್ತು, ಹಾಕಿದವರೆಲ್ಲ ಗಂಡಸರೇ. ಅಂಥ ದೇಶ ಇನ್ನೊಬ್ಬರ ಉದ್ಧಾರಕ್ಕೆ ಹೊರಟಿದೆ! ಜೂಲಿಯ ಸಿಡುಕಿಗೆ ಕಾರಣ ಹುಡುಕಬೇಕಾಗಿಲ್ಲ.

ಏಪ್ರಿಲ್ 25ರ ಆ ಪೋರ್ಚುಗೀಸ್ ಕ್ರಾಂತಿಗೆ 'ಕಾರ್ನೇಷನ್ ಕ್ರಾಂತಿ' ಅಂತ ಹೂವಿನ ಹೆಸರು ಬಂದ ಕಥೆಯಲ್ಲೂ ಒಬ್ಬ ಹೆಂಗಸಿದ್ದಾಳೆ. ಸೆಲೆಸ್ತೆ ಕೈಯೇರು ಲಿಸ್ಬನ್ನಿನ ಒಂದು ರೆಸ್ಟೋರೆಂಟಿನಲ್ಲಿ ಕೆಲಸಕ್ಕಿದ್ದವಳು. ರೆಸ್ಟೋರೆಂಟಿನ ವಾರ್ಷಿಕೋತ್ಸವಕ್ಕೆ ಕಾರ್ನೇಷನ್ ಹೂ ತರಿಸಿದ್ದರು. ಬೀದಿಯಲ್ಲಿ ಸೈನ್ಯ ಇದೆ ಅಂತ ಬಾಗಿಲು ಹಾಕಿ, ಹೂಗಳನ್ನು ಕೆಲಸದವರಿಗೇ ಕೊಟ್ಟು ಕಳಿಸಿದರು. ದಾರಿಯಲ್ಲಿ ಒಬ್ಬ ಸೈನಿಕ ಸಿಗರೇಟು ಕೇಳಿದ. ಅವಳಲ್ಲಿ ಇರಲಿಲ್ಲ, ಒಂದು ಹೂ ಕೊಟ್ಟಳು. ಅವನು ಅದನ್ನು ಬಂದೂಕಿನ ನಳಿಗೆಗೆ ಸಿಕ್ಕಿಸಿಕೊಂಡ. ನನ್ನ ಕೈಲಿದ್ದಿದ್ದರೆ ಇಡೀ ಸಿನಿಮಾ ಅವಳ ಹಿಂದೆಯೇ ಹೋಗುತ್ತಿತ್ತು.

ಪೆಲೆಯ ಪಾತ್ರವೂ ಇಷ್ಟ. ಇವನಿಗೆ ಫ್ರೆಂಚ್ ಲೇಖಕ, ಸಿನಿಮಾ ನಿರ್ದೇಶಕ ಪಾನ್ಯೋಲ್‌ನ ಹುಚ್ಚು, ಫ್ರೆಂಚ್ ಬರುತ್ತದೆ. ಉಳಿದವರಿಗೆ ಪೋರ್ಚುಗಲ್ ಅರ್ಥವಾಗುವುದು ಇವನು ಅನುವಾದಿಸಿದಷ್ಟೇ. ಹೊರಗಿನವರ ಅಜ್ಞಾನವನ್ನು ಸಿನಿಮಾ ಬಚ್ಚಿಡುವುದಿಲ್ಲ, ಅದನ್ನೇ ನಗೆಯ ಸರಕು ಮಾಡಿಕೊಳ್ಳುತ್ತದೆ.

ನನ್ನ ತಕರಾರು ಬೇರೆ. ಆ ನಾಲ್ವರಲ್ಲಿ ಆಫ್ರಿಕಾದವರು ಒಬ್ಬರೂ ಇಲ್ಲ. ಈ ಕ್ರಾಂತಿ ಲಿಸ್ಬನ್ನಿನಲ್ಲಿ ಶುರುವಾದದ್ದಲ್ಲ. 1961ರಿಂದ ಅಂಗೋಲಾ, ಆಮೇಲೆ ಗಿನಿ-ಬಿಸಾವ್, ಮೊಜಾಂಬಿಕ್ — ಪೋರ್ಚುಗಲ್‌ನ ವಸಾಹತುಗಳ ಜನ ತಿರುಗಿಬಿದ್ದು ಹದಿಮೂರು ವರ್ಷ ಕಾದಾಡಿದರು. ಗೆಲ್ಲಲಾಗದ ಯುದ್ಧದಿಂದ ರೋಸಿಹೋದ ಸೇನಾಧಿಕಾರಿಗಳೇ ಪ್ರಧಾನಿ ಕೈತಾನುವಿನ ಸರ್ವಾಧಿಕಾರಿ ಸರ್ಕಾರವನ್ನು ಕೆಡವಿದ್ದು. ಗಿನಿಯ ಹೋರಾಟ ಕಟ್ಟಿದ ಅಮಿಲ್ಕಾರ್ ಕಬ್ರಾಲ್ ಅದನ್ನು ನೋಡಲಿಲ್ಲ, 1973ರ ಜನವರಿಯಲ್ಲೇ ಅವನನ್ನು ಕೊಂದಿದ್ದರು. (ಗೋವಾ ಭಾರತದ್ದು ಅಂತ ಪೋರ್ಚುಗಲ್ ಸಹಿ ಹಾಕಿದ್ದೂ ಈ ಕ್ರಾಂತಿಯ ನಂತರ, 1974ರ ಡಿಸೆಂಬರ್ 31ರಂದು. ಹಾಗೆ ನೋಡಿದರೆ ನಮಗೂ ಬಾದರಾಯಣ ಸಂಬಂಧ ಉಂಟು.)

ಯುರೋಪಿನ ಹಾಸ್ಯಚಿತ್ರಕ್ಕೆ ಇಷ್ಟೆಲ್ಲ ಭಾರ ಹೊರಿಸಬೇಕಾ ಅಂತ ಕೇಳಬಹುದು. ಹೊರಿಸಬೇಕು. ಬಿಡುಗಡೆಯ ಸಂಭ್ರಮ ತೋರಿಸುವವರು ಅದಕ್ಕೆ ಬೆಲೆ ತೆತ್ತವರಲ್ಲಿ ಒಬ್ಬರಿಗಾದರೂ ಮಾತಾಡುವ ಪಾತ್ರ ಕೊಡಲಿ.

ಎರಡನೇ ಸಲ ನೋಡುವಾಗ ಇನ್ನೊಂದು ಹೊಳೆಯಿತು. ಯುದ್ಧಗಳನ್ನು ಕಣ್ಣಾರೆ ಕಂಡು ಬಂದವನು ವ್ಯಾನಿನಲ್ಲಿ ಕೋವಾಂ ಒಬ್ಬನೇ, ಮರೆವು ಹತ್ತಿರುವುದೂ ಅವನಿಗೇ. ಬೈಯರ್ ಬೇಕೆಂದೇ ಹಾಗೆ ಬರೆದಿದ್ದರೆ ಭೇಷ್. ಆದರೂ ಅದು ಒಂದು ಸೀಟಿನ ಬದಲಿಗೆ ಆಗುವುದಿಲ್ಲ.