ಕೋಳಿಗೂಡಿನ ದವಾಖಾನೆ

ಆಲ್ಬರ್ಟ್ ಶ್ವೈಟ್ಜರ್ ಬಗ್ಗೆ ಸುಮ್ನೆ ಓದುತ್ತಾ ಕೂತಿದ್ದೆ. ಪಾದ್ರಿ, ಆರ್ಗನ್ ವಾದಕ. ಮೂವತ್ತರ ವಯಸ್ಸಿನಲ್ಲಿ ಡಾಕ್ಟರಿಕೆ ಕಲಿಯಲು ಶುರುಮಾಡಿ, 1913ರಲ್ಲಿ ಹೆಂಡತಿ ಹೆಲೆನ್ ಜೊತೆ ಆಫ್ರಿಕಾದ ಇಂದಿನ ಗಬಾನ್ ದೇಶದ ಲಾಂಬರೆನೆಗೆ ಹೋದವರು. ಅವರ ಮೊದಲ ಕನ್ಸಲ್ಟಿಂಗ್ ರೂಮು ಒಂದು ಹಳೇ ಕೋಳಿಗೂಡು!

ತಮಾಷೆ ಅಂದ್ರೆ, ಅವರನ್ನು ಅಲ್ಲಿಗೆ ಕಳಿಸಬೇಕಿದ್ದ ಪ್ಯಾರಿಸ್ಸಿನ ಕ್ರೈಸ್ತ ಮಿಶನ್‌ನವರಿಗೆ ಅವರ ಧರ್ಮಚಿಂತನೆ ಮೇಲೆ ಅನುಮಾನ. ಔಷಧಿ ಕೊಡಿ, ಪ್ರವಚನ ಬೇಡ ಅನ್ನೋ ಒಪ್ಪಂದದ ಮೇಲೆ ಕಳಿಸಿದರು. ಈತ ಅದಕ್ಕೂ ಸೈ ಅಂದರು.

ನನಗೆ ಜಾಸ್ತಿ ಇಷ್ಟವಾದದ್ದು ಜೋಸೆಫ್. ಮೊದಲು ಅಡುಗೆ ಕೆಲಸ ಮಾಡಿದ್ದವನು, ಇಲ್ಲಿ ದುಭಾಷಿ. ರೋಗಿಯ ಕಾಲು, ಸೊಂಟ ಎಲ್ಲವನ್ನೂ ಮಟನ್ ತುಂಡುಗಳ ಲೆಕ್ಕದಲ್ಲೇ ಹೇಳುತ್ತಿದ್ದನಂತೆ. ಹೆಲೆನ್ ಅನಸ್ತೇಷಿಯಾ ಕೊಡುತ್ತಿದ್ದರು. ರೋಗಿಗಳು ಒಗೊವೆ ನದಿಯಲ್ಲಿ ದೋಣಿ ಹತ್ತಿ ಮನೆಮಂದಿ ಸಮೇತ ಬರುತ್ತಿದ್ದರು. ಮನೆಯವರು ಅಲ್ಲೇ ಒಲೆ ಹೂಡಿ ಬೇಯಿಸುತ್ತಿದ್ದರು. ನಮ್ಮ ಜಿಲ್ಲಾಸ್ಪತ್ರೆಯ ಮರದ ಕೆಳಗೆ ಟಿಫಿನ್ ಕ್ಯಾರಿಯರ್ ಬಿಚ್ಚುವವರನ್ನು ನೋಡಿದವರಿಗೆ ಇದು ಅರ್ಥ ಆಗುತ್ತೆ ಅಲ್ವಾ?

1952ರ ನೊಬೆಲ್ ಶಾಂತಿ ಬಹುಮಾನದ ದುಡ್ಡು ಕುಷ್ಠರೋಗಿಗಳ ವಸತಿಗೆ ಹೋಯಿತು. ದೊಡ್ಡ ಮಾತೇ. ಆದರೆ ಇದೇ ಮನುಷ್ಯ ಆಫ್ರಿಕನ್ನರನ್ನು ತಮ್ಮ ಅಂದು, ತಾನು ಅಣ್ಣ ಅಂದುಕೊಂಡಿದ್ದರು. ಅದು ನನಗೆ ಚುಚ್ಚುತ್ತದೆ. ಹಗಲೆಲ್ಲ ಪಕ್ಕದಲ್ಲಿ ನಿಂತು ಪ್ರತಿ ರೋಗಿಯ ನೋವನ್ನೂ ಡಾಕ್ಟರಿಗೆ ತಲುಪಿಸುತ್ತಿದ್ದ ಜೋಸೆಫ್‌ಗೆ ಈ ಅಣ್ಣನ ಬಗ್ಗೆ ಏನನ್ನಿಸಿತ್ತೋ, ಅವನೇ ಬರೆದಿದ್ದರೆ ಓದಬಹುದಿತ್ತು.